ದೂರು ಕೊಡೋಕೆ ಮೊದಲು ಒಂದು ಮನೆ ಬೇಕು

ಜನವರಿ ತಿಂಗಳು, ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟ. ಸಂಜೆ ನಾಲ್ಕೂವರೆ ಹೊತ್ತಿಗೆ ಹಣ್ಣು ಕಿತ್ತವರೆಲ್ಲ ಮೂಟೆಗಳನ್ನು ತೋಟದ ರಸ್ತೆ ಬದಿಗೆ ತಂದು ಇಟ್ಟಿದ್ದರು. ರೋಬಸ್ಟಾ ಹಣ್ಣು. ಟಾರ್ಪಾಲ್ ಮೇಲೆ ಸುರಿದು, ಎಲೆ, ಕಡ್ಡಿ, ಹಸಿ ಕಾಯಿ ಆರಿಸಿ ತೆಗೆದು ಮತ್ತೆ ಚೀಲಕ್ಕೆ ತುಂಬಬೇಕು. ಈ ಆರಿಸೋ ಕೆಲಸಕ್ಕೆ ಬೇರೆ ಕೂಲಿ ಇಲ್ಲ, ಕೆ.ಜಿ. ಲೆಕ್ಕದಲ್ಲೇ ಅದೂ ಸೇರಿಹೋಗುತ್ತದೆ. ಮರದ ಕೊಂಬೆಗೆ ತಕ್ಕಡಿ ನೇತುಹಾಕಿದ್ದರು. ತೋಟದ ಲೆಕ್ಕ ಬರೆಯೋ ರೈಟರ್ ಪುಸ್ತಕ ಬಿಚ್ಚಿಕೊಂಡು ಒಂದೊಂದೇ ಹೆಸರು ಕರೆಯುತ್ತಿದ್ದರು.

ಒಬ್ಬ ಗಂಡಸಿನ ಹೆಸರು ಕರೆದಾಗ ಮೂರು ಮೂಟೆ ಮುಂದೆ ಬಂದವು. ಒಂದನ್ನು ಅವರು ಎತ್ತಿಕೊಟ್ಟರು. ಉಳಿದೆರಡನ್ನು ಎಳೆದು ತಂದಿದ್ದು ಅವರ ಹೆಂಡತಿ. ಕೈಬೆರಳುಗಳೆಲ್ಲ ಕಾಫಿ ಹಣ್ಣಿನ ಅಂಟಿಗೆ ಕಪ್ಪಾಗಿದ್ದವು. ಮೂರೂ ಮೂಟೆ ತೂಗಿ ರೈಟರ್ ಒಂದೇ ಸಾಲಿನಲ್ಲಿ ಬರೆದುಕೊಂಡರು, ಗಂಡನ ಹೆಸರಿನ ಮುಂದೆ.

"ಅಕ್ಕ, ನಿಮ್ಮ ಹೆಸರು ಬೇರೆ ಬರೆಯೋದಿಲ್ವಾ?" ಅಂತ ಕೇಳಿದೆ.

"ಇಬ್ಬರೂ ಒಟ್ಟಿಗೇ ಕೀಳೋದಲ್ವಾ. ಅವರ ಹೆಸರಲ್ಲೇ ಬರೀತಾರೆ."

"ಈ ಸೀಸನ್‌ನಲ್ಲಿ ಎಷ್ಟು ದಿನ ಕೆಲಸ ಆಯ್ತು?"

ಅವರು ಸ್ವಲ್ಪ ಯೋಚನೆ ಮಾಡಿದರು. "ದಿನದ ಲೆಕ್ಕ ಇಟ್ಟಿಲ್ಲ. ಕೆ.ಜಿ. ಲೆಕ್ಕ ಅವರ ಹತ್ರ ಇದೆ," ಅಂತ ರೈಟರ್ ಕಡೆ ಕೈ ತೋರಿಸಿದರು.

ಆ ಪುಸ್ತಕದ ಸಾಲು ನನ್ನ ತಲೆಯಿಂದ ಹೋಗಿಲ್ಲ. ಯಾಕೆ ಅಂದರೆ, ನಮ್ಮ ದೇಶದಲ್ಲಿ ಹೆಣ್ಣುಮಕ್ಕಳಿಗೆ ಅಂತ ಬಂದಿರೋ ಒಳ್ಳೆಯ ಕಾನೂನುಗಳೆಲ್ಲ ಆ ಸಾಲಿನ ಹತ್ತಿರ ಬಂದು ನಿಂತುಬಿಡುತ್ತವೆ.

ಹೆರಿಗೆ ರಜೆಯನ್ನೇ ನೋಡಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ತುಂಬಾ ದೊಡ್ಡ ಹೆಜ್ಜೆ ಅಂತ ಎಲ್ಲರೂ ಖುಷಿಪಟ್ಟರು, ಖುಷಿಪಡೋ ವಿಷಯವೇ. ಆದರೆ ಇದು ಸಿಗಬೇಕಾದರೆ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಕಡಿಮೆ ಅಂದರೂ 80 ದಿನ ಆ ಮಾಲೀಕರ ಹತ್ತಿರ ಕೆಲಸ ಮಾಡಿರಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಣ್ಣು ಕಿತ್ತರೆ, ಮುಂದೆ ಕಂಬಚಿಗುರು, ಅಂದರೆ ಗಿಡದಲ್ಲಿ ಬರೋ ಬೇಡದ ಚಿಗುರು, ತೆಗೆದು, ಗೊಬ್ಬರ ಹಾಕಿ, ಕಳೆ ತೆಗೆದರೆ 80 ದಿನ ಸಲೀಸಾಗಿ ದಾಟುತ್ತದೆ. ಆ ಅಕ್ಕ ಖಂಡಿತ ದಾಟಿದ್ದಾರೆ. ಪುಸ್ತಕದಲ್ಲಿ ಮಾತ್ರ ಒಂದು ದಿನವೂ ಇಲ್ಲ.

ಸಮಾನ ವೇತನದ ಕಥೆಯೂ ಇದೇ. 1976ರಿಂದ ಗಂಡಿಗೂ ಹೆಣ್ಣಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಕೊಡಬೇಕು ಅಂತ ಕಾನೂನಿದೆ. ತೋಟದಲ್ಲಿ ಕೆಲಸವನ್ನೇ ಬೇರೆ ಮಾಡಿಟ್ಟಿರುತ್ತಾರೆ. ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಕಡಿಯೋದು, ಔಷಧಿ ಹೊಡೆಯೋದು, ಗುಂಡಿ ತೋಡೋದು ಗಂಡಾಳಿನ ಕೆಲಸ. ಹಣ್ಣು ಕೀಳೋದು, ಕಳೆ ತೆಗೆಯೋದು, ಕಣದಲ್ಲಿ ಕಾಫಿ ಹರಡೋದು ಹೆಣ್ಣಾಳಿನ ಕೆಲಸ. ಕೆಲಸವೇ ಬೇರೆ ಅಂದಮೇಲೆ ಹೋಲಿಸೋಕೆ ಏನಿದೆ ಅಂತ ಕೇಳುತ್ತಾರೆ. ದಿನವಿಡೀ ಬಗ್ಗಿ ನಿಂತು ಹಣ್ಣು ಕೀಳೋದು ಮರಗಸಿಗಿಂತ ಹಗುರ ಅಂತ ಅಳತೆ ಮಾಡಿದವರು ಯಾರು?

ಎಲ್ಲವನ್ನೂ ಮಾರುಕಟ್ಟೆಗೇ ಬಿಡಬೇಕು ಅನ್ನೋ ನೀತಿಗೆ ನವ ಉದಾರವಾದ ಅಂತಾರೆ. ಆ ಪದ ಕೇಳಿದ ತಕ್ಷಣ ಇದು ಬೆಂಗಳೂರು, ದಿಲ್ಲಿಯವರ ಚರ್ಚೆ ಅಂತ ನಮಗೆ ಅನಿಸುತ್ತದೆ. ಹಾಗೇನಿಲ್ಲ. ಕೊಡಗಿನಲ್ಲಿ ಅದು ಯಾವ ವರ್ಷ, ಯಾವ ದಾರಿಯಲ್ಲಿ ಬಂತು ಅಂತಲೂ ಹೇಳಬಹುದು. 1942ರ ಕಾಫಿ ಕಾಯ್ದೆಯ ವ್ಯವಸ್ಥೆಯಲ್ಲಿ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ಮಂಡಳಿ ಮಾರಿ, ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. ಆ ಪದ್ಧತಿಯ ಬಗ್ಗೆ ಬೆಳೆಗಾರರಿಗೆ ಸಿಟ್ಟಿತ್ತು. ದುಡ್ಡು ತಡವಾಗಿ ಬರುತ್ತಿತ್ತು, ಸ್ವಂತ ಕಾಫಿ ಮಾರೋಕೆ ಸ್ವಾತಂತ್ರ್ಯ ಇರಲಿಲ್ಲ. ಆ ಸಿಟ್ಟು ನ್ಯಾಯವಾದದ್ದೇ. ಆಗ ಹೊರಗಿನ ಜಗತ್ತೂ ಬದಲಾಗುತ್ತಿತ್ತು. 1989ರಲ್ಲಿ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಅಂತ ಗೊತ್ತುಮಾಡುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರಿಂದ ಹಂತಹಂತವಾಗಿ ಪೂಲ್ ಸಡಿಲವಾಗಿ, 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ಪೂರ್ತಿ ಕಾಫಿಯನ್ನು ತಾವೇ ಮಾರುವ ಹಾಗಾಯಿತು.

ಅಲ್ಲಿಂದ ನ್ಯೂಯಾರ್ಕ್, ಲಂಡನ್ ಮಾರುಕಟ್ಟೆಯ ಬೆಲೆ ನೇರವಾಗಿ ನಮ್ಮ ಕಣಕ್ಕೆ ಬಂತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಳೆ ಹಾಳಾಗಿ, ಬೆಲೆ ಏರಿ ಇಲ್ಲಿ ದುಡ್ಡು ಹರಿಯಿತು. 2000ದ ನಂತರದ ಎರಡು ಮೂರು ವರ್ಷ ಬೆಲೆ ಎಷ್ಟು ಕುಸಿಯಿತು ಅಂದರೆ, ಎಷ್ಟೋ ಕಡೆ ಹಣ್ಣು ಕೀಳೋ ಖರ್ಚೂ ಹುಟ್ಟಲಿಲ್ಲ. ಅರೇಬಿಕಾ ತಳಿಯ ಕಾಫಿ 2019ರಲ್ಲಿ ಪೌಂಡಿಗೆ ಒಂದು ಡಾಲರ್‌ಗಿಂತ ಕೆಳಗೆ ಇಳಿದಿತ್ತು. 2025ರ ಫೆಬ್ರವರಿಯಲ್ಲಿ ನಾಲ್ಕು ಡಾಲರ್ ದಾಟಿತು. ಇಷ್ಟು ಏರಿಳಿತ ಇರೋ ಬೆಳೆಯನ್ನು ನಂಬಿಕೊಂಡವರು ಖರ್ಚನ್ನು ಎಲ್ಲಿ ಕಡಿಮೆ ಮಾಡುತ್ತಾರೆ? ಗೊಬ್ಬರದ ಬೆಲೆ ಅವರ ಕೈಯಲ್ಲಿಲ್ಲ, ಡೀಸೆಲ್ ಬೆಲೆಯೂ ಇಲ್ಲ. ಕೈಯಲ್ಲಿರೋದು ಕೂಲಿಯ ಲೆಕ್ಕ ಒಂದೇ. ಹಾಗಾಗಿ ಕಾಯಂ ಆಳು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳಲಿಲ್ಲ. ದಿನಗೂಲಿ ಹೋಗಿ ಕೆ.ಜಿ. ಲೆಕ್ಕ ಬಂತು. ಮಾಲೀಕರು ತೋಟದಲ್ಲೇ ಸಾಲಾಗಿ ಕಟ್ಟಿಸಿಕೊಟ್ಟ ಲೈನ್ ಮನೆಯವರ ಜಾಗಕ್ಕೆ ಜೀಪಿನಲ್ಲಿ ಬರೋ ಮೇಸ್ತ್ರಿ ಗುಂಪು ಬಂತು. ಆಮೇಲೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ನಿಂದ ಕುಟುಂಬಗಳು ಬಂದವು.

ಬೆಲೆ ಇಳಿದಾಗಿನ ನಷ್ಟ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಕೊನೆಗೆ ಆ ಪುಸ್ತಕದಲ್ಲಿ ಹೆಸರಿಲ್ಲದವರ ಮೇಲೆ ಕೂತಿತು. ಬೆಲೆ ಏರಿದಾಗ ಕೆ.ಜಿ. ರೇಟು ಸ್ವಲ್ಪ ಜಾಸ್ತಿ ಆಗಿದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಕಾಯಂ ಕೆಲಸ ವಾಪಸ್ ಬರಲಿಲ್ಲ.

ಅಮೆರಿಕದ ಚಿಂತಕಿ ನ್ಯಾನ್ಸಿ ಫ್ರೇಸರ್ ಈ ಬಗ್ಗೆ ಒಂದು ಕಟುವಾದ ಮಾತು ಎತ್ತಿದ್ದಾರೆ. ಮನೆಗೆ ಗಂಡಸೊಬ್ಬನೇ ದುಡಿದು ಹಾಕೋದು, ಅವನ ಸಂಬಳದಲ್ಲೇ ಸಂಸಾರ ನಡೆಯೋದು ಸರಿಯಲ್ಲ ಅಂತ ಸ್ತ್ರೀವಾದಿ ಚಳವಳಿ ಹೇಳಿತು. ಹೊಸ ಬಂಡವಾಳಶಾಹಿ ಅದೇ ಮಾತನ್ನು ಹಿಡಿದುಕೊಂಡು ಒಂದು ಒಳ್ಳೆ ಸಂಬಳದ ಜಾಗದಲ್ಲಿ ಎರಡು ಕಡಿಮೆ ಸಂಬಳ ಇಟ್ಟಿತು ಅನ್ನೋದು ಅವರ ವಾದ. ಅಲ್ಲಿನ ಮಟ್ಟಿಗೆ ಇದರಲ್ಲಿ ಹುರುಳಿದೆ. ನಮ್ಮ ತೋಟಗಳಿಗೆ ಇದು ಹಾಗೇ ಹೊಂದೋದಿಲ್ಲ ಅಂತ ನನ್ನ ಅನಿಸಿಕೆ. ಇಲ್ಲಿ ಗಂಡಸೊಬ್ಬನ ಸಂಬಳದಲ್ಲಿ ಸಂಸಾರ ನಡೆದ ಕಾಲವೇ ಇರಲಿಲ್ಲ. ಬ್ರಿಟಿಷರ ಕಾಲದಿಂದಲೂ ಇಡೀ ಕುಟುಂಬವೇ ದುಡಿದಿದೆ, ಮಕ್ಕಳೂ ಸೇರಿ. ಹೆಣ್ಣುಮಕ್ಕಳು ಹೊಸದಾಗಿ ಕೆಲಸಕ್ಕೆ ಬಂದವರಲ್ಲ. ಅವರಿಗೆ ಸ್ವಾತಂತ್ರ್ಯ ಬಂದ ಮೇಲೆ ಸಿಕ್ಕಿದ್ದ ತೆಳ್ಳಗಿನ ಹೊದಿಕೆಯೊಂದು ಹರಿದುಹೋಯಿತು.

ಆ ಹೊದಿಕೆಯ ಹೆಸರು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ. 5 ಹೆಕ್ಟೇರ್‌ಗಿಂತ ಕಡಿಮೆ ಇಲ್ಲದ, 15 ಜನರಾದರೂ ಕೆಲಸ ಮಾಡುವ ತೋಟಕ್ಕೆ ಅದು ಅನ್ವಯ ಆಗುತ್ತಿತ್ತು. ಮನೆ, ಕುಡಿಯೋ ನೀರು, ಕಕ್ಕಸು, ಆಸ್ಪತ್ರೆ ಸೌಲಭ್ಯ ಮಾಲೀಕರೇ ಕೊಡಬೇಕಿತ್ತು. 50 ಹೆಣ್ಣಾಳುಗಳಿದ್ದರೆ ಶಿಶುವಿಹಾರ ಇರಬೇಕಿತ್ತು. ಎಲ್ಲ ಕಡೆ ಇದು ಸರಿಯಾಗಿ ನಡೆಯಿತು ಅಂತ ಯಾರೂ ಹೇಳಲಾರರು. ಎಷ್ಟೋ ಲೈನ್ ಮನೆಗಳ ಹೆಂಚಿನ ಮೇಲೆ ಇವತ್ತಿಗೂ ಪ್ಲಾಸ್ಟಿಕ್ ಹೊದಿಸಿ, ಅದು ಹಾರದ ಹಾಗೆ ಮರದ ತುಂಡು ಇಟ್ಟಿರುತ್ತಾರೆ. ಆದರೂ ಕೇಳೋಕೆ ಒಂದು ಕಾನೂನಿತ್ತು. ದೇಶದ ಕಾಫಿ ಹಿಡುವಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ 10 ಹೆಕ್ಟೇರ್‌ಗಿಂತ ಚಿಕ್ಕವು. ಅದರಲ್ಲೂ ಬಹುಪಾಲು ತೋಟಗಳು ಈ 5 ಹೆಕ್ಟೇರ್ ಗೆರೆಯ ಕೆಳಗೇ ಬರುತ್ತವೆ. ಅಲ್ಲಿ ಕೆಲಸ ಮಾಡುವವರಿಗೆ ಮೊದಲಿಂದಲೂ ಈ ಕಾನೂನು ಇರಲಿಲ್ಲ. ಸಣ್ಣ ಬೆಳೆಗಾರರನ್ನು ಬೈಯೋಕೆ ಈ ಮಾತು ಹೇಳುತ್ತಿಲ್ಲ. ಐದು ಎಕರೆ ಇಟ್ಟುಕೊಂಡು ಆನೆ ಕಾಟ, ಮಳೆ ಕಾಟ, ಬ್ಯಾಂಕಿನ ಸಾಲ ಮೂರನ್ನೂ ನೋಡಿಕೊಳ್ಳೋರಿಗೆ ಶಿಶುವಿಹಾರ ಕಟ್ಟಿ ಅಂತ ಹೇಳೋದು ಆಗದ ಮಾತು. ಅಂಥ ಕಡೆ ಪಂಚಾಯಿತಿಯೋ ಸರ್ಕಾರವೋ ಆ ಹೊಣೆ ಹೊರಬೇಕಿತ್ತು.

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1951ರ ಕಾಯ್ದೆ, 1976ರ ಸಮಾನ ವೇತನ ಕಾಯ್ದೆ, ಹೆರಿಗೆ ಕಾಯ್ದೆ ಸೇರಿ 29 ಕಾನೂನುಗಳು ಅದರೊಳಗೆ ಹೋದವು. ನೇಮಕಾತಿ ಪತ್ರ ಎಲ್ಲರಿಗೂ ಕೊಡಬೇಕು ಅಂತ ಇದೆ, ಅದು ಒಳ್ಳೆಯದೇ. ಆದರೆ ಗೆರೆಗಳು ಎಲ್ಲಿ ಸರಿದಿವೆ ನೋಡಿ. ಗುತ್ತಿಗೆ ಕಾರ್ಮಿಕರ ಹಳೆ ಕಾನೂನು 20 ಜನರಿಂದ ಶುರುವಾಗುತ್ತಿತ್ತು, ಈಗ 50. ಬೇರೆ ರಾಜ್ಯದಿಂದ ಬಂದವರ ಕಾನೂನು 5 ಜನರಿಂದ ಇತ್ತು, ಈಗ 10. ಅಮ್ಮತ್ತಿಯಲ್ಲೋ ಪಾಲಿಬೆಟ್ಟದಲ್ಲೋ ಮೇಸ್ತ್ರಿಯೊಬ್ಬರು ಎರಡು ಜೀಪಿನಲ್ಲಿ 40 ಜನ ಕರೆದುಕೊಂಡು ಬರುತ್ತಾರೆ ಅಂದುಕೊಳ್ಳಿ. ಹಳೆ ಕಾನೂನಿನಲ್ಲಿ ಅವರಿಗೆ ಲೈಸೆನ್ಸ್ ಬೇಕಿತ್ತು, ಹಾಜರಿ ಪುಸ್ತಕ ಇಡಬೇಕಿತ್ತು. ಈಗ ಆ ಗೆರೆಯ ಕೆಳಗೆ ಆರಾಮಾಗಿ ಉಳಿಯಬಹುದು.

ಇನ್ನೊಂದು ಬದಲಾವಣೆ ನನಗೆ ಇದಕ್ಕಿಂತ ಜಾಸ್ತಿ ಚಿಂತೆಯದು. ಅದನ್ನು ಹೇಳಬೇಕಾದರೆ ಪಕ್ಕದ ಕೇರಳಕ್ಕೆ ಹೋಗಬೇಕು. 2015ರ ಸೆಪ್ಟೆಂಬರ್‌ನಲ್ಲಿ ಮುನ್ನಾರಿನ ಟೀ ತೋಟದ ಹೆಣ್ಣುಮಕ್ಕಳು ಕೆಲಸ ಬಿಟ್ಟು ರಸ್ತೆಗೆ ಬಂದರು. 20% ಇದ್ದ ಬೋನಸ್ಸನ್ನು 10%ಗೆ ಇಳಿಸಿದ್ದರು. ಸಾವಿರಾರು ಹೆಂಗಸರು, ಹೆಚ್ಚಿನವರು ತಮಿಳು ದಲಿತರು. ಗಂಡಸರೇ ತುಂಬಿದ್ದ ಯೂನಿಯನ್‌ಗಳ ನಾಯಕರನ್ನು ಹತ್ತಿರ ಸೇರಿಸಲಿಲ್ಲ. ಪೆಂಬಿಳೈ ಒರುಮೈ, ಅಂದರೆ ಹೆಣ್ಣುಮಕ್ಕಳ ಒಗ್ಗಟ್ಟು, ಅಂತ ಹೆಸರಿಟ್ಟುಕೊಂಡು ಒಂಬತ್ತು ದಿನ ಕೂತರು. 20% ವಾಪಸ್ ಬಂತು. ಆಮೇಲೆ ನಡೆದ ಹೋರಾಟದಲ್ಲಿ ದಿನಗೂಲಿ 232ರಿಂದ 301 ರೂಪಾಯಿಗೆ ಏರಿತು. ಅವರು ಕೇಳಿದ್ದು ಕೂಲಿ, ಮನೆ, ಕಕ್ಕಸು. ನನ್ನ ದೃಷ್ಟಿಯಲ್ಲಿ ಅದು ಈ ಕಾಲದ ದೊಡ್ಡ ಸ್ತ್ರೀವಾದಿ ಹೋರಾಟಗಳಲ್ಲಿ ಒಂದು. ಈಗಿನ ಸಂಹಿತೆಯಲ್ಲಿ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಅರ್ಧಕ್ಕರ್ಧ ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ಮುನ್ನಾರಿನಲ್ಲಿ ಹೆಂಗಸರು ಗೆದ್ದಿದ್ದು ಸಿಟ್ಟು ಬಂದ ದಿನವೇ ಎದ್ದು ಬಂದದ್ದರಿಂದ. ಇವತ್ತು ಹಾಗೆ ಎದ್ದು ಬಂದರೆ ಅದು ಕಾನೂನುಬಾಹಿರ ಮುಷ್ಕರ ಆಗುತ್ತದೆ.

ಒಂದು ಕೈಯಲ್ಲಿ ಹೆಣ್ಣಿಗೆ ಹಕ್ಕು ಬರುತ್ತಿರುವಾಗ ಇನ್ನೊಂದು ಕೈಯಲ್ಲಿ ಆ ಹಕ್ಕು ಕೇಳೋಕೆ ಬೇಕಾದ ನೆಲ ಹೋಗುತ್ತಿದೆ. ಲೈಂಗಿಕ ಕಿರುಕುಳದ ಕಾನೂನಿನಲ್ಲಿ ಇದು ತುಂಬಾ ಸ್ಪಷ್ಟವಾಗಿ ಕಾಣುತ್ತದೆ. ಆ ಕಾನೂನು ಹುಟ್ಟಿದ್ದು ಯಾವ ಆಫೀಸಿನಲ್ಲೂ ಅಲ್ಲ. ರಾಜಸ್ಥಾನದ ಭಟೇರಿ ಅನ್ನೋ ಹಳ್ಳಿಯಲ್ಲಿ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆಯಾಗಿದ್ದರು. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ಆಯಿತು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಮಹಿಳಾ ಸಂಘಟನೆಗಳು ಅಷ್ಟರಲ್ಲಾಗಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದವು. 1997ರಲ್ಲಿ ವಿಶಾಖಾ ಮಾರ್ಗಸೂಚಿ, 2013ರಲ್ಲಿ ಕಾಯ್ದೆ ಬಂತು. ಹಳ್ಳಿಯ ಬಡ ಹೆಂಗಸೊಬ್ಬರ ನೋವಿನಿಂದ ಬಂದ ಕಾನೂನು ಇದು. ಇದರ ಬೋರ್ಡು ಇವತ್ತು ಜಾಸ್ತಿ ಕಾಣೋದು ನಗರದ ಗಾಜಿನ ಕಟ್ಟಡಗಳಲ್ಲಿ.

ತೋಟಕ್ಕೂ ಅದು ಅನ್ವಯ ಆಗುತ್ತದೆ. 10 ಜನ ಇದ್ದರೆ ಆಂತರಿಕ ಸಮಿತಿ ಇರಬೇಕು. ಇಲ್ಲದಿದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ಕಾರಣ ಸರಿ ಅನಿಸಿದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಈಗ ಇದನ್ನು ಕಾಫಿ ಸೀಸನ್ ಪಕ್ಕ ಇಟ್ಟು ನೋಡಿ. ಹಣ್ಣು ಕೀಳೋದು ಮೂರು, ಮೂರೂವರೆ ತಿಂಗಳು. ಅದು ಮುಗಿದ ಮೇಲೆ ಗುಂಪು ಇನ್ನೊಂದು ತಾಲ್ಲೂಕಿಗೋ ಊರಿಗೋ ಹೋಗಿಬಿಡುತ್ತದೆ. ದೂರು ಕೊಡುವ ಹೆಂಗಸಿಗೆ ಕನ್ನಡ ಓದೋಕೆ ಬರದೇ ಇರಬಹುದು, ಬಂದಿದ್ದು ಅಸ್ಸಾಮಿನಿಂದ ಇರಬಹುದು. ಆಕೆ ಇಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ರೈಟರ್ ಪುಸ್ತಕ. ಅದರಲ್ಲಿ ಹೆಸರಿರೋದು ಗಂಡನದು, ಎಷ್ಟೋ ಸಲ ಮೇಸ್ತ್ರಿಯದು ಮಾತ್ರ.

ಲೈನ್ ಮನೆಯಲ್ಲಿರೋರ ಕಷ್ಟ ಇನ್ನೊಂದು ಥರದ್ದು. ಅವರಿಗೆ ಕೆಲಸ ಮತ್ತು ಮನೆ ಎರಡೂ ಒಂದೇ ಕೈಯಲ್ಲಿದೆ. ಕೆಲಸ ಹೋದರೆ ಮನೆ ಹೋಯಿತು. ಮಕ್ಕಳ ಶಾಲೆ, ರೇಷನ್ ಕಾರ್ಡಿನ ವಿಳಾಸ ಎಲ್ಲ ಅದರ ಜೊತೆಗೇ ಹೋಗುತ್ತದೆ. ಮದುವೆಗೋ ಆಸ್ಪತ್ರೆಗೋ ಮುಂಗಡ ತೆಗೆದುಕೊಂಡಿದ್ದರೆ ಆ ಸಾಲ ತಲೆ ಮೇಲೆ ಕೂತಿರುತ್ತದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದು 1976ರಿಂದ ಎಷ್ಟು ವರ್ಷ ಆಯಿತು, ಲೆಕ್ಕ ಹಾಕಿ. ಹೀಗಿರುವಾಗ ಒಬ್ಬ ಎರವ ಆದಿವಾಸಿ ಹೆಣ್ಣುಮಗಳು ಸೂಪರ್‌ವೈಸರ್ ಮೇಲೆ ದೂರು ಬರೆದುಕೊಡಬೇಕು ಅಂದರೆ, ಆ ರಾತ್ರಿ ಮಕ್ಕಳನ್ನು ಎಲ್ಲಿ ಮಲಗಿಸೋದು ಅನ್ನೋದು ಆಕೆಯ ಮೊದಲ ಪ್ರಶ್ನೆ. ಕಾನೂನಿನಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ.

ಅದಕ್ಕೇ ನನಗೆ ದಿಡ್ಡಳ್ಳಿ ಬರೀ ಜಾಗದ ಹೋರಾಟ ಅಂತ ಅನಿಸೋದಿಲ್ಲ. 2016ರ ಡಿಸೆಂಬರ್‌ನಲ್ಲಿ ಮಾಲ್ದಾರೆ ಕಡೆಯ ಆ ಕಾಡಂಚಿನಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದರು. ಅಲ್ಲಿ ಗುಡಿಸಲು ಹಾಕಿದವರಲ್ಲಿ ತುಂಬಾ ಜನ ತೋಟದ ಲೈನ್ ಮನೆ ಬಿಟ್ಟು ಬಂದವರು. ಮುಂದೆ ನಿಂತವರು ಹೆಂಗಸರು. ಅವರು ಕೇಳಿದ್ದು ತಮ್ಮದು ಅಂತ ಹೇಳಿಕೊಳ್ಳೋಕೆ ಒಂದು ಸೂರು, ಯಾರ ತೋಟದ ಕೆಲಸಕ್ಕೆ ಹೋಗಬೇಕು, ಹೋಗಬಾರದು ಅಂತ ತಾವೇ ತೀರ್ಮಾನ ಮಾಡೋ ಸ್ವಾತಂತ್ರ್ಯ. ಆಮೇಲೆ ಅವರಿಗೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯಿತು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಜೇನುಕುರುಬ ಕುಟುಂಬಗಳು ವಾಪಸ್ ಹೋಗಿ ಗುಡಿಸಲು ಹಾಕಿದವು, 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಕೈಯಲ್ಲಿ ಹಿಡಿದುಕೊಂಡು. ಅವರಲ್ಲೂ ಕಾಡಿನಿಂದ ಹೊರಬಿದ್ದ ಮೇಲೆ ತೋಟದ ಲೈನ್‌ಗಳಲ್ಲಿ ಜೀವನ ಸವೆಸಿದವರಿದ್ದಾರೆ.

ನಮ್ಮಲ್ಲಿ ಸರ್ಕಾರಗಳು, ಬ್ಯಾಂಕುಗಳು ಸಬಲೀಕರಣ ಅಂತ ಮಾತಾಡುವಾಗ ಈ ಹೋರಾಟಗಳ ಹೆಸರು ಬರೋದಿಲ್ಲ. ಅಲ್ಲಿ ಸಬಲೀಕರಣ ಅಂದರೆ ಸಾಲ. ಸಂಘದ ಸಾಲದಿಂದ ಎಷ್ಟೋ ಮನೆಗೆ ಒಳ್ಳೆಯದಾಗಿದೆ, ಇಲ್ಲ ಅನ್ನಲಾರೆ. ಆದರೆ ಕೂಲಿ ಕೆಲಸದ ಹೆಂಗಸಿಗೆ ವಾರ ಬಂತು ಅಂದರೆ ಕಂತು ಕಟ್ಟೋ ಚಿಂತೆ. ಜ್ವರ ಇದ್ದರೂ ಕೆಲಸಕ್ಕೆ ಹೋಗೋದು, ಸೂಪರ್‌ವೈಸರ್ ಮಾತು ಸಹಿಸಿಕೊಳ್ಳೋದು ಆ ಕಂತಿಗಾಗಿ. ಕಿರುಸಾಲ ಕಂಪನಿಗಳ ಕಿರುಕುಳ ಎಲ್ಲಿಗೆ ಮುಟ್ಟಿತು ಅಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವೇ ಸುಗ್ರೀವಾಜ್ಞೆ ತರಬೇಕಾಯಿತು. ಕೂಲಿ ಏರಿಸೋ ಬದಲು ಸಾಲ ಕೊಟ್ಟು, ಅದನ್ನೇ ಸ್ವಾತಂತ್ರ್ಯ ಅಂತ ಕರೆಯೋದು ನನಗೆ ಒಪ್ಪಿಗೆ ಇಲ್ಲ.

ಇದರ ಪಕ್ಕ ಇನ್ನೊಂದನ್ನು ಇಟ್ಟು ನೋಡಬೇಕು. 2023ರಲ್ಲಿ ಶಕ್ತಿ ಯೋಜನೆ ಬಂತು, ಗೃಹಲಕ್ಷ್ಮಿಯ 2,000 ರೂಪಾಯಿ ಬಂತು. ಅದರಿಂದ ಆಳು ಸಿಗುತ್ತಿಲ್ಲ ಅಂತ ಬೆಳೆಗಾರರ ಮನೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ. ಆ ದೂರಿನಲ್ಲೇ ವಿಷಯ ಇದೆ. ಒಂದಿಷ್ಟು ದುಡ್ಡು ಸಾಲದ ರೂಪದಲ್ಲಿ ಅಲ್ಲದೆ ಕೈಗೆ ಬಂದರೆ, ಕಡಿಮೆ ಕೂಲಿಗೆ ಬರೋದಿಲ್ಲ ಅಂತ ಹೇಳೋ ಧೈರ್ಯ ಬರುತ್ತದೆ. ಕೊಡಗಿನಲ್ಲಿ ಎಷ್ಟೋ ದಾರಿಗಳಲ್ಲಿ ಓಡೋದು ಖಾಸಗಿ ಬಸ್ಸೇ, ಹಾಗಾಗಿ ಉಚಿತ ಟಿಕೆಟ್ ಇಲ್ಲಿ ಬೇರೆ ಜಿಲ್ಲೆಯಷ್ಟು ಉಪಯೋಗಕ್ಕೆ ಬಂದಿಲ್ಲ. ಲೈನ್ ಮನೆಯ ಹೆಂಗಸರಿಗೆ ಗೃಹಲಕ್ಷ್ಮಿ ಸಿಗಬೇಕಾದರೂ ರೇಷನ್ ಕಾರ್ಡ್ ಬೇಕು, ಅದಕ್ಕೆ ವಿಳಾಸ ಬೇಕು. ಮತ್ತೆ ಮನೆಯ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಕೊಡಗಿನಲ್ಲಿ ಜಾಗ ಇಲ್ಲ ಅನ್ನೋ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಆದರೆ ಕರ್ನಾಟಕ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಬೆಳೆಗಾರರು ಒತ್ತುವರಿ ಮಾಡಿ ಕಾಫಿ ಬೆಳೆದಿರೋ ಸರ್ಕಾರಿ ಜಾಗವನ್ನು 25 ಎಕರೆವರೆಗೆ 30 ವರ್ಷ ಅವರಿಗೇ ಗುತ್ತಿಗೆ ಕೊಡಲು ದಾರಿ ಮಾಡಿದ್ದಾರೆ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ವರ್ಷಗಟ್ಟಲೆ ಕೇಳಿದ ಬೇಡಿಕೆ ಇದು. ದಿಡ್ಡಳ್ಳಿಯ ಗುಡಿಸಲೂ ಒತ್ತುವರಿಯೇ, ಈ ಕಾಫಿ ಗಿಡಗಳೂ ಒತ್ತುವರಿಯೇ. ಒಂದಕ್ಕೆ ಜೆಸಿಬಿ ಬಂತು, ಇನ್ನೊಂದಕ್ಕೆ ತಿದ್ದುಪಡಿ ಬಂತು. ಒತ್ತುವರಿ ಸಕ್ರಮ ಆಗಲೇಬಾರದು ಅಂತ ನಾನು ವಾದ ಮಾಡುತ್ತಿಲ್ಲ. ಎರಡು ಮೂರು ತಲೆಮಾರು ಸಾಕಿದ ಗಿಡಗಳನ್ನು ಕೀಳಿಸಿ ಯಾರಿಗೂ ಲಾಭ ಇಲ್ಲ.

ಆದರೆ ಗುತ್ತಿಗೆ ಅಂದರೆ ಕರಾರು. ಜಾಗ ಸರ್ಕಾರದ್ದು, ಅಂದರೆ ನಮ್ಮೆಲ್ಲರದ್ದು. ಕರಾರು ಹಾಕುವ ಅಧಿಕಾರ ಈಗ ಸರ್ಕಾರದ ಕೈಯಲ್ಲಿದೆ, ಮುಂದಿನ 30 ವರ್ಷ ಮತ್ತೆ ಸಿಗೋದಿಲ್ಲ. ಆ ಗುತ್ತಿಗೆ ಪತ್ರದಲ್ಲಿ ಮೂರು ಸಾಲು ಜಾಸ್ತಿ ಬರೆಯಬಹುದು. ತೋಟದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಹೆಂಗಸಿನ ಹೆಸರು, ದಿನ, ತೂಕ ಬೇರೆಯಾಗಿ ಬರೆಯಬೇಕು, ಕೂಲಿ ಅವರ ಖಾತೆಗೇ ಹೋಗಬೇಕು. ಗುತ್ತಿಗೆಗೆ ಸಿಗುವ ಜಾಗದಲ್ಲಿ ಲೈನ್ ಮನೆ ಇದ್ದರೆ, ಅದರ ನೆಲವನ್ನು ಗುತ್ತಿಗೆಯಿಂದ ಹೊರಗಿಟ್ಟು ಅಲ್ಲಿರುವ ಕುಟುಂಬದ ಹೆಂಗಸಿನ ಹೆಸರಿಗೆ ಹಕ್ಕುಪತ್ರ ಕೊಡಬೇಕು. ಸ್ಥಳೀಯ ದೂರು ಸಮಿತಿ ಸೀಸನ್ ಇರುವಷ್ಟು ದಿನ ತಿಂಗಳಿಗೊಮ್ಮೆ ಹೋಬಳಿಗೆ ಬಂದು, ಸಂತೆಯ ದಿನ ಪಂಚಾಯಿತಿ ಕಟ್ಟಡದಲ್ಲಿ ಕೂರಬೇಕು, ಹಿಂದಿ ಅಥವಾ ಬಂಗಾಳಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು. ಅರ್ಜಿಗಳು ತಾಲ್ಲೂಕು ಕಚೇರಿಗಳಿಗೆ ಬಂದಿವೆ. ಪತ್ರಕ್ಕೆ ಸಹಿ ಬೀಳುವ ಮೊದಲೇ ಇದನ್ನು ಕೇಳಬೇಕು.